ಭಾವನ ಕಾಲಿನ ಮೂಳೆ ತ್ರೀಡಿ ಪ್ರಿಂಟ್ ಮಾಡ್ತೀವಿ, 12 ಸಾವಿರ ಬೇರೆ ಅಂತಿದಾರೆ. ಇದು ಬೇಕಾ?

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ಅದಕ್ಕೆ ಪೀಠಿಕೆ ಇಲ್ಲ. ನಮ್ಮ ಭಾವ ಅರಸೀಕೆರೆ ರೋಡಲ್ಲಿ ಬೈಕಿಂದ ಬಿದ್ದು ಎಡಗಾಲು ಮುರ್ಕೊಂಡಿದಾರೆ. ಮಂಡಿ ಕೆಳಗೇ ಮೂಳೆಯ ತುದಿ ಚೂರುಚೂರಾಗಿದೆಯಂತೆ. ರಿಪೋರ್ಟಲ್ಲಿ 'ಟಿಬಿಯಲ್ ಪ್ಲೇಟೋ, ಷಾಟ್ಸ್ಕರ್ 5' ಅಂತಿದೆ. ಈಗ ಹೊರಗಡೆಯಿಂದ ಸರಳು ಚುಚ್ಚಿ ಕಾಲನ್ನ ಅಲ್ಲಾಡದ ಹಾಗೆ ನಿಲ್ಲಿಸಿದಾರೆ. ಊತ ಇಳಿದ ಮೇಲೆ ಆಪರೇಷನ್.

ಈಗ ಡಾಕ್ಟ್ರು ಹೇಳ್ತಿರೋದು, ಸಿಟಿ ಸ್ಕ್ಯಾನ್ ಇಟ್ಕೊಂಡು ಆ ಮುರಿದ ಮೂಳೆಯ ಮಾಡೆಲನ್ನ ಅವರ ಆಸ್ಪತ್ರೆಯಲ್ಲೇ ತ್ರೀಡಿ ಪ್ರಿಂಟ್ ಮಾಡ್ತಾರಂತೆ, ಅದರ ಮೇಲೆ ಪ್ಲೇಟ್ ಕೂರಿಸಿ ನೋಡಿ ಆಮೇಲೆ ಕಾಲು ಬಿಚ್ತಾರಂತೆ. ಇದಕ್ಕೆ 12 ಸಾವಿರ ಎಕ್ಸ್‌ಟ್ರಾ. ಅಕ್ಕ ಗಾಬರಿಯಾಗಿ 'ಪ್ಲಾಸ್ಟಿಕ್ ಮೂಳೆ ಹಾಕ್ತಾರಂತೆ ಕಣೇ' ಅಂತ ಫೋನಲ್ಲಿ ಅಳ್ತಿದಾಳೆ. ಅತ್ತೆ ಕಡೆಯವರು ಇದ್ಯಾವುದೂ ಬೇಡ, ಕಟ್ಟು ಹಾಕಿಸೋಣ ಅಂತಿದಾರೆ. ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತಾ, ಇಲ್ಲಾ ಬಿಲ್ ಉದ್ದ ಮಾಡೋ ದಾರೀನಾ? ಗೊತ್ತಿರೋರು ಹೇಳಿ.

ಗೌಡ್ರ_ಮಗ
ಪ್ರಿಂಟಿಗೆ 12 ಸಾವಿರ. ಝೆರಾಕ್ಸಿಗೆ ಎಷ್ಟಂತೆ?

ಆರ್ಥೋ_ಪಿಜಿ
ಮೊದಲು ನಿಮ್ಮ ಅಕ್ಕನಿಗೆ ಫೋನ್ ಮಾಡಿ ಹೇಳಿ, ಪ್ಲಾಸ್ಟಿಕ್ ಒಳಗೆ ಹೋಗಲ್ಲ. ಪ್ರಿಂಟ್ ಆಗೋದು ಟೇಬಲ್ ಮೇಲಿಟ್ಟು ನೋಡೋ ಮಾದರಿ. ಕಾಲೊಳಗೆ ಹೋಗೋದು ಎಲ್ಲರಿಗೂ ಹಾಕೋ ಟೈಟಾನಿಯಂ ಇಲ್ಲಾ ಸ್ಟೀಲ್ ಪ್ಲೇಟು, ಸ್ಕ್ರೂಗಳೇ.

ಷಾಟ್ಸ್ಕರ್ ಅನ್ನೋದು ಟೊರಾಂಟೋದ ಸರ್ಜನ್ ಒಬ್ಬರ ಹೆಸರು. 1979ರಲ್ಲಿ ಈ ಮುರಿತಗಳನ್ನ 1ರಿಂದ 6ರವರೆಗೆ ವಿಂಗಡಿಸಿದ್ರು. 5 ಅಂದ್ರೆ ಮಂಡಿಯ ಒಳಬದಿ, ಹೊರಬದಿ ಎರಡೂ ಒಡೆದಿವೆ. 6 ಅಂದ್ರೆ ಆ ತುದಿಗೂ ಕೆಳಗಿನ ಉದ್ದ ಮೂಳೆಗೂ ಸಂಬಂಧವೇ ಕಡಿದು ಹೋಗಿರುತ್ತೆ. ಭಾವನದ್ದು ಅಷ್ಟು ದೂರ ಹೋಗಿಲ್ಲ, ಆದ್ರೆ ಸಣ್ಣದೂ ಅಲ್ಲ.

ಕಷ್ಟ ಏನಂದ್ರೆ ಅದು ತೊಡೆಮೂಳೆ ಬಂದು ಕೂರೋ ಜಾಗ. ಬಿದ್ದ ರಭಸಕ್ಕೆ, ಕೆಸರುಗದ್ದೆಯಲ್ಲಿ ಹೆಜ್ಜೆ ಇಟ್ಟ ಹಾಗೆ, ಆ ಮೇಲ್ಮೈ ಒಳಗೆ ಕುಸಿದಿರುತ್ತೆ. ಅದನ್ನ ಕೆಳಗಿಂದ ಎತ್ತಿ ಸಮ ಮಾಡ್ಬೇಕು. ಎತ್ತಿದ ಮೇಲೆ ಅಡಿಯಲ್ಲಿ ಉಳಿಯೋ ಪೊಳ್ಳಿಗೆ ಸೊಂಟದ ಮೂಳೆ ಚೂರೋ ಕ್ಯಾಲ್ಸಿಯಂ ಫಾಸ್ಫೇಟೋ ತುಂಬಬೇಕು, ಆಮೇಲೆ ಪ್ಲೇಟು. ಹಿಂಭಾಗದ ಒಳಮೂಲೆಯಲ್ಲಿ ಒಂದು ಚೂರು ಕಿತ್ತು ಬಂದಿರುತ್ತಲ್ಲ, ಅದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸರಿಯಾಗಿ ಕಾಣಲ್ಲ. ಸಿಟಿಯಲ್ಲಿ ಕಾಣುತ್ತೆ. ಮಾದರಿ ಕೈಯಲ್ಲಿದ್ರೆ ತಿರುಗಿಸಿ ನೋಡ್ಬಹುದು. ಎಲ್ಲಿ ಕುಯ್ಯಬೇಕು, ಒಂದು ಕಡೆ ಸಾಕಾ ಎರಡು ಕಡೆ ಬೇಕಾ, ರೋಗಿಯನ್ನ ಬೋರಲು ಮಲಗಿಸ್ಬೇಕಾ, ಇದೆಲ್ಲ ಥಿಯೇಟರಿಗೆ ಹೋಗೋ ಮುಂಚೆನೇ ಗೊತ್ತಾಗುತ್ತೆ.

ಬೇಕೇಬೇಕಾ? ಇಲ್ಲ. ಇದಿಲ್ಲದೇ ಚೆನ್ನಾಗಿ ಮಾಡೋ ಸರ್ಜನ್‌ಗಳು ಬೇಕಾದಷ್ಟಿದಾರೆ. ಉಪಯೋಗ ಇದೆಯಾ? ಈ ಥರ ಕೀಲಿನ ಮುರಿತಕ್ಕೆ ಖಂಡಿತ ಇದೆ. ಇದೇ ಮೂಳೆ ಮಧ್ಯದಲ್ಲಿ ಎರಡು ತುಂಡಾಗಿದ್ರೆ, ಜನ ರಾಡ್ ಅಂತಾರಲ್ಲ, ಅದನ್ನ ಹಾಕಿ ಮುಗಿಸ್ತಿದ್ರು. ಅದಕ್ಕೆ ಯಾರಾದ್ರೂ ಪ್ರಿಂಟ್ ಮಾಡಿಸಿ ಅಂದ್ರೆ ಆಗ ಅನುಮಾನ ಪಡಿ.

ಮಂಡ್ಯ_ಗೌಡ್ತಿ
ನಮ್ಮ ಮಾವನ ಮಗನಿಗೆ ಕಾಲು ಮುರಿದಾಗ ಪುತ್ತೂರು ಕಟ್ಟು ಹಾಕಿಸಿದ್ವಿ. ಮೊಟ್ಟೆ, ಸೊಪ್ಪು, ಬಿದಿರು ದಬ್ಬೆ. ಇವತ್ತು ಗದ್ದೆ ಉಳ್ತಾನೆ. ಒಂದು ರೂಪಾಯಿ ಪ್ಲೇಟಿಲ್ಲ, ಸ್ಕ್ರೂ ಇಲ್ಲ. ಅತ್ತೆ ಕಡೆಯವರು ಹೇಳೋದ್ರಲ್ಲಿ ತಪ್ಪೇನಿದೆ?

ಕುಡ್ಲದ_ಜನ
ನಮ್ಮ ಪುತ್ತೂರಲ್ಲಿ ಎಲ್ಲಿ ಮಾರಾಯ್ರೆ? ನಾನು ಹುಟ್ಟಿ ಬೆಳೆದ ಊರು, ನನಗೇ ಗೊತ್ತಿಲ್ಲ.

ಮಂಡ್ಯ_ಗೌಡ್ತಿ
ನಿಮ್ಮ ಪುತ್ತೂರಲ್ಲ. ಆಂಧ್ರದ್ದು, ತಿರುಪತಿ ಆಚೆ.

ಕುಡ್ಲದ_ಜನ
ಹಾಗೆ ಹೇಳಿ. ನಮ್ಮಲ್ಲಿ ಮಹಾಲಿಂಗೇಶ್ವರ ದೇವಸ್ಥಾನ ಉಂಟು, ಕಟ್ಟು ಇಲ್ಲ.

ಆರ್ಥೋ_ಪಿಜಿ
ಗೌಡ್ತಿಯವರೇ, ನಿಮ್ಮ ಮಾವನ ಮಗನದ್ದು ಮೂಳೆ ಮಧ್ಯದ ಮುರಿತ ಇದ್ದಿರಬೇಕು, ಜಾಗ ಬಿಟ್ಟು ಸರಿದಿರಲಿಲ್ಲ ಅನ್ಸುತ್ತೆ. ಅಂಥದ್ದು ಅಲ್ಲಾಡದ ಹಾಗೆ ಇಟ್ರೆ ಕೂಡ್ಕೊಳ್ಳುತ್ತೆ, ನಾವೂ ಪ್ಲಾಸ್ಟರ್ ಹಾಕಿ ಅದನ್ನೇ ಮಾಡೋದು. ಕೀಲಿನೊಳಗೆ ಕುಸಿದ ಮೇಲ್ಮೈಯನ್ನ ಹೊರಗಿಂದ ಯಾವ ಕಟ್ಟೂ ಎತ್ತಲ್ಲ. ಹಾಗೇ ಕೂಡ್ಕೊಂಡ್ರೆ ಮಂಡಿ ವಾಲುತ್ತೆ, ಸವೆಯುತ್ತೆ, ಆಮೇಲೆ ಮಂಡಿ ಬದಲಾವಣೆಗೆ ಬರ್ತಾರೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹೊಸ ಊತದ ಮೇಲೆ ಬಿಗಿಯಾಗಿ ಕಟ್ಟಿದ್ರೆ ಮೀನಖಂಡದ ಸ್ನಾಯುವಿಗೆ ರಕ್ತ ಹೋಗೋದು ನಿಲ್ಲಬಹುದು. ಗಂಟೆಗಳಲ್ಲಿ ಕಾಲು ಕೆಡುತ್ತೆ. ಈ ಮುರಿತದಲ್ಲಿ ಕಟ್ಟದೇ ಇದ್ರೂ ಆ ಅಪಾಯ ಇದೆ. ಅದಕ್ಕೇ ಸರಳು ಹಾಕಿ ಕಾಯ್ತಿರೋದು. ದಯವಿಟ್ಟು ಈಗ ಅವರನ್ನ ಅಲ್ಲಿಂದ ಎಬ್ಬಿಸ್ಕೊಂಡು ಹೋಗ್ಬೇಡಿ.

ಫಿಲಮೆಂಟ್_ಫಣಿ
ನಾನು ಪೀಣ್ಯದಲ್ಲಿ ಪ್ರಿಂಟಿಂಗ್ ಕೆಲಸದಲ್ಲೇ ಇರೋದು, ಆದ್ದರಿಂದ ಲೆಕ್ಕ ಹೇಳ್ತೀನಿ. ಮಂಡಿ ಕೆಳಗಿನ ಮೂಳೆ ತುದಿ ಪ್ರಿಂಟ್ ಮಾಡೋಕೆ ಪಿಎಲ್‌ಎ ಫಿಲಮೆಂಟ್, ಅಂದ್ರೆ ಪ್ರಿಂಟರಿಗೆ ಹಾಕೋ ಪ್ಲಾಸ್ಟಿಕ್ ದಾರ, 150 ಗ್ರಾಂ ಹಿಡೀರಿ. ಕೆಜಿಗೆ ಸಾವಿರ ಚಿಲ್ಲರೆ. ಅಂದ್ರೆ ಇನ್ನೂರು ರೂಪಾಯಿ ದಾಟಲ್ಲ. 0.2 ಮಿಲಿಮೀಟರ್ ಪದರ ಇಟ್ರೆ ರಾತ್ರಿ ಹಾಕಿದ್ದು ಬೆಳಿಗ್ಗೆ ಸಿದ್ಧ. ಮೆಷಿನ್ನೂ ಈಗ ಒಂದು ಸುಮಾರು ಮೊಬೈಲಿನ ಬೆಲೆಗೆ ಸಿಗುತ್ತೆ. ಫಿಲಮೆಂಟ್ ಕರಗಿಸಿ ಪದರ ಹಾಕೋ ಪದ್ಧತಿಯ ಮೂಲ ಪೇಟೆಂಟ್ 2009ರಲ್ಲಿ ಮುಗೀತು, ಆಮೇಲೆ ಬೆಲೆ ಪಾತಾಳಕ್ಕೆ ಬಿತ್ತು. ಸ್ಕ್ಯಾನಿನಿಂದ ಮೂಳೆ ಬಿಡಿಸೋ ಸಾಫ್ಟ್‌ವೇರೂ ಪುಕ್ಕಟೆ, ತ್ರೀಡಿ ಸ್ಲೈಸರ್ ಅಂತ ಹೆಸರು. 12 ಸಾವಿರ ಎಲ್ಲಿಂದ ಬಂತು? ಫೈಲ್ ಕೊಡ್ಲಿ, ನಾನೇ ಪುಕ್ಕಟೆ ಮಾಡಿಕೊಡ್ತೀನಿ.

ಗೌಡ್ರ_ಮಗ
ಹೇಳಿದ್ನಲ್ಲ.

ಸಿಟಿ_ರೂಮಿನವ
ಫಣಿ ಸಾರ್, ಬಟ್ಟೆ ಬೆಲೆ ಹೇಳಿ ಹೊಲಿಗೆ ಬಿಟ್ರಿ.

ನಾನು ಸ್ಕ್ಯಾನ್ ತೆಗೆಯೋನು. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕ ಇರುತ್ತೆ, ಹೌನ್ಸ್‌ಫೀಲ್ಡ್ ಅಂತ. ನೀರು 0, ಗಾಳಿ ಮೈನಸ್ 1000. ಇನ್ನೂರರ ಆಸುಪಾಸಿಂದ ಮೇಲಿರೋದನ್ನೆಲ್ಲ ಮೂಳೆ ಅಂತ ತಗೋ ಅಂದ್ರೆ ಸಾಫ್ಟ್‌ವೇರ್ ಬಿಡಿಸಿ ಕೊಡುತ್ತೆ. ಗಟ್ಟಿ ಮೂಳೆಗೆ ಪರವಾಗಿಲ್ಲ. ವಯಸ್ಸಾದವರ ಟೊಳ್ಳು ಮೂಳೆಗೆ ಅದೇ ಅಂಕ ಇಟ್ರೆ ಮಾಡೆಲಲ್ಲಿ ಇಲ್ಲದ ತೂತು ಕಾಣಿಸುತ್ತೆ. ಅಂಕ ಇಳಿಸಿದ್ರೆ ಪಕ್ಕಪಕ್ಕದ ಎರಡು ಚೂರು ಅಂಟಿಕೊಂಡು ಒಂದೇ ಆಗ್ತವೆ. ಆಮೇಲೆ ಯಾರೋ ಒಬ್ಬರು ಕೂತು ಒಂದೊಂದು ಪದರ ನೋಡಿ ಮೌಸಲ್ಲಿ ಅದನ್ನ ಬೇರೆ ಮಾಡ್ಬೇಕು. ಸರಳು ಹಾಕಿದ ಕಾಲಾದ್ರೆ ಲೋಹದ ಸುತ್ತ ಬೆಳ್ಳಗೆ ಗೀರುಗಳು ಬಂದಿರ್ತವೆ, ಅದನ್ನೂ ಅಳಿಸ್ಬೇಕು. ಯಾವುದು ಮುರಿತದ ಗೆರೆ, ಯಾವುದು ಸ್ಕ್ಯಾನಿನ ಗಲೀಜು ಅಂತ ಗೊತ್ತಿರೋರೇ ಮಾಡ್ಬೇಕು. ಮೆಷಿನ್ ಓಡೋ ಹೊತ್ತು ಯಾವ ಲೆಕ್ಕವೂ ಅಲ್ಲ.

ಹೇಮಾವತಿಯವರಿಗೆ ಒಂದು ಕಿವಿಮಾತು. ಸ್ಕ್ಯಾನಿನ ತೆಳು ಪದರದ ಚಿತ್ರಗಳನ್ನ, 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು, ಡೈಕಾಮ್ ರೂಪದಲ್ಲಿ, ಅಂದ್ರೆ ಸ್ಕ್ಯಾನ್ ಮೆಷಿನ್ನಿನ ಮೂಲ ಫೈಲಾಗಿ, ಸಿ.ಡಿ.ಗೆ ಹಾಕಿಸ್ಕೊಳ್ಳಿ. ಎಷ್ಟೋ ಕಡೆ ಫಿಲ್ಮು ಮತ್ತೆ 5 ಮಿಲಿಮೀಟರಿನ ಚಿತ್ರ ಮಾತ್ರ ಕೊಟ್ಟು, ತೆಳು ಪದರಗಳನ್ನ ಜಾಗ ಸಾಲದು ಅಂತ ಸ್ವಲ್ಪ ದಿನಕ್ಕೆ ಅಳಿಸಿ ಬಿಡ್ತಾರೆ. 5 ಮಿಲಿಮೀಟರಿನದ್ದರಿಂದ ಮಾಡಿದ ಮಾಡೆಲ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ, ಪ್ರಯೋಜನ ಇಲ್ಲ. ಅದಕ್ಕೋಸ್ಕರ ಮತ್ತೆ ಸ್ಕ್ಯಾನ್ ಮಾಡಿಸೋ ಹಾಗಾಗ್ಬಾರದು.

ಫಿಲಮೆಂಟ್_ಫಣಿ
ಬಿಡಿಸೋ ಕೆಲಸಕ್ಕೆ ದುಡ್ಡು ತಗೊಳ್ಳಿ, ಬೇಡ ಅಂದವರಾರು. ಬಿಲ್ಲಲ್ಲಿ ಹಾಗೇ ಬರೀಲಿ. 'ತ್ರೀಡಿ ಪ್ರಿಂಟ್ 12,000' ಅಂತ ಒಂದೇ ಸಾಲು ಹಾಕಿದ್ರೆ ನಮ್ಮಂಥೋರಿಗೆ ಹೊಟ್ಟೆ ಉರಿಯುತ್ತೆ. ಪುಕ್ಕಟೆ ಮಾಡಿಕೊಡ್ತೀನಿ ಅಂದಿದ್ದಕ್ಕೆ ಈಗಲೂ ಬದ್ಧ.

ಆರ್ಥೋ_ಪಿಜಿ
ನಿಮ್ಮ ಮನಸ್ಸು ದೊಡ್ಡದು ಸಾರ್, ಆದ್ರೆ ಬೇಡ. ಆಸ್ಪತ್ರೆಯೊಳಗೇ ಮಾಡೋದರ ಲಾಭವೇ ಅದು. ಬಿಡಿಸೋರು, ಸ್ಕ್ಯಾನ್ ಓದೋರು, ಆಪರೇಷನ್ ಮಾಡೋರು ಒಂದೇ ಕಾರಿಡಾರಲ್ಲಿರ್ತಾರೆ. ಈ ಚೂರು ಇಲ್ಲಿದೆಯಾ ಅಂತ ಅನುಮಾನ ಬಂದ್ರೆ ಎದ್ದು ಹೋಗಿ ಕೇಳ್ಬಹುದು. ಹೊರಗೆ ಕೊಟ್ರೆ ಫೈಲ್ ಹೋಗಿ ಬರೋದ್ರಲ್ಲೇ ದಿನ ಕಳೆಯುತ್ತೆ, ಮೂಳೆ ಕಾಯಲ್ಲ. ಎರಡು ವಾರ ಮೀರಿದ್ರೆ ಚೂರುಗಳು ಅಂಟೋಕೆ ಶುರುವಾಗಿ ಎತ್ತೋದು ಕಷ್ಟ.

ಅಳತೆ ತಪ್ಪಿದ್ರೆ ಯಾರು ಹೊಣೆ? ಪ್ರಿಂಟ್ ಆದ ಮೇಲೆ ಕ್ಯಾಲಿಪರ್ ಇಟ್ಟು ಸ್ಕ್ಯಾನಿನ ಅಳತೆ ಜೊತೆ ತಾಳೆ ನೋಡ್ಬೇಕು. ಎಡ ಬಲ ಇನ್ನೊಂದು ತಲೆನೋವು. ಕೆಲವು ಸಲ ಚೆನ್ನಾಗಿರೋ ಕಾಲನ್ನ ಸ್ಕ್ಯಾನ್ ಮಾಡಿ ಕನ್ನಡಿ ಪ್ರತಿಬಿಂಬ ತೆಗೆದು, ಮುರಿಯೋ ಮುಂಚೆ ಈ ಮೂಳೆ ಹೇಗಿತ್ತು ಅಂತ ಇನ್ನೊಂದು ಮಾಡೆಲ್ ಮಾಡ್ತೀವಿ. ಅದರ ಮೇಲೆ ಪ್ಲೇಟ್ ಬಗ್ಗಿಸೋದು ಸುಲಭ. ಆದ್ರೆ ಯಾವುದು ಎಡ ಅಂತ ಪ್ರಿಂಟ್ ಮೇಲೇ ಅಕ್ಷರ ಕೆತ್ತಿಸದೇ ಇದ್ರೆ, ಎಡಗಾಲಿಗೆ ಬಲಗಾಲಿನ ಪ್ಲೇಟ್ ತಯಾರು ಮಾಡ್ಕೊಂಡು ಹೋಗೋ ಸಾಧ್ಯತೆ ಇದೆ.

ಲೆಕ್ಕದ_ಮೇಷ್ಟ್ರು
ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದೀರಿ. ಪುರಾವೆ ಏನು? ಕೈಯಲ್ಲಿ ಹಿಡ್ಕೊಂಡು ನೋಡೋಕೆ ಚೆಂದ ಅನ್ನೋದು ಪುರಾವೆ ಅಲ್ಲ. ರೋಗಿ ಒಂದು ವರ್ಷ ಆದ್ಮೇಲೆ ಚೆನ್ನಾಗಿ ನಡೀತಾನಾ, ಅದು ಹೇಳಿ.

ಆರ್ಥೋ_ಪಿಜಿ
ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಮಾಡೆಲ್ ಇಟ್ಕೊಂಡು ಮಾಡಿದವರನ್ನೂ ಇಲ್ಲದೇ ಮಾಡಿದವರನ್ನೂ ಹೋಲಿಸಿದ ಅಧ್ಯಯನಗಳು ಸಾಕಷ್ಟು ಬಂದಿವೆ, ಬಹುಪಾಲು ಚೀನಾದಿಂದ. ಆಪರೇಷನ್ ಹೊತ್ತು ಕಡಿಮೆ, ರಕ್ತ ಹೋಗೋದು ಕಡಿಮೆ, ಥಿಯೇಟರಲ್ಲಿ ಎಕ್ಸ್‌ರೇ ಹೊಡೆಯೋದು ಕಡಿಮೆ, ಇದರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು. ಆದ್ರೆ ಒಂದೊಂದರಲ್ಲೂ ರೋಗಿಗಳ ಸಂಖ್ಯೆ ಸಣ್ಣದು. ವರ್ಷಗಳ ಮೇಲೆ ಮಂಡಿ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಪುರಾವೆ ಅಷ್ಟು ಗಟ್ಟಿ ಇಲ್ಲ.

ಹೊತ್ತು ಕಡಿಮೆ ಆಗೋದನ್ನ ಸಣ್ಣದು ಅನ್ಕೊಬೇಡಿ. ತೊಡೆಗೆ ಗಾಳಿ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ ಮಾಡೋ ಕೆಲಸ, ಸುಮಾರು ಎರಡು ಗಂಟೆ ಒಳಗೆ ಅದನ್ನ ಬಿಡ್ಬೇಕು. ಕಾಲು ತೆರೆದಿಟ್ಟಷ್ಟು ಹೊತ್ತೂ ಸೋಂಕಿನ ಭಯ.

ಲೆಕ್ಕದ_ಮೇಷ್ಟ್ರು
ಅಂದ್ರೆ ಡಾಕ್ಟರಿಗೆ ಅನುಕೂಲ ಅಂತ ಸಾಬೀತಾಗಿದೆ, ರೋಗಿಗೆ ಅನುಕೂಲ ಅಂತ ಆಗಿಲ್ಲ. ದುಡ್ಡು ಮಾತ್ರ ರೋಗಿ ಕೊಡ್ಬೇಕು.

ಆರ್ಥೋ_ಪಿಜಿ
ಸೋಂಕು ಆದ್ರೆ ಅನುಭವಿಸೋದು ಡಾಕ್ಟರಲ್ಲ ಸಾರ್, ರೋಗಿ.

ಲೆಕ್ಕದ_ಮೇಷ್ಟ್ರು
ಸೋಂಕು ಕಡಿಮೆ ಆಯ್ತು ಅಂತ ಲೆಕ್ಕ ತೋರಿಸಿ, ಒಪ್ಕೋತೀನಿ. 'ಆಗಬಹುದು' ಅನ್ನೋದಕ್ಕೆ 12 ಸಾವಿರ ಜಾಸ್ತಿ.

ಓಟಿ_ಸಿಸ್ಟರ್
ಇಬ್ಬರೂ ಜಗಳ ನಿಲ್ಸಿ, ಒಂದು ನಗೋ ವಿಷಯ ಹೇಳ್ತೀನಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಹೊಸದಾಗಿ ಪ್ರಿಂಟರ್ ತಂದಿದ್ರು. ಸರ್ಜನ್ ಮಾಡೆಲ್ ಥಿಯೇಟರಿಗೆ ಬೇಕು ಅಂದ್ರು. ಹೊಸ ಹುಡುಗ ಒಬ್ಬ ಉಳಿದ ಸಾಮಾನಿನ ಜೊತೆ ಅದನ್ನೂ ಆಟೋಕ್ಲೇವಿಗೆ, ಅಂದ್ರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಮೆಷಿನ್ನಿಗೆ, ಹಾಕ್ಬಿಟ್ಟ. ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗೋದು, ಆಟೋಕ್ಲೇವ್ 121 ಡಿಗ್ರಿ. ಬಾಗಿಲು ತೆಗೆದ್ರೆ ಟ್ರೇ ತಳಕ್ಕೆ ಬಿಳೀ ಮುದ್ದೆ ಅಂಟಿಕೊಂಡಿತ್ತು. ಸರ್ಜನ್ ಅದನ್ನ ಕೈಯಲ್ಲಿ ಹಿಡ್ಕೊಂಡು 'ಇದು ಷಾಟ್ಸ್ಕರ್ 7' ಅಂದ್ರು.

ಆಮೇಲಿಂದ ಪದ್ಧತಿ ಏನಂದ್ರೆ, ಮಾಡೆಲ್ ಸ್ಟೆರೈಲ್ ಮಾಡೋ ಗೋಜಿಗೇ ಹೋಗಲ್ಲ. ಪಾರದರ್ಶಕ ಸ್ಟೆರೈಲ್ ಕವರೊಳಗೆ ಹಾಕಿ ಕೊಡ್ತೀವಿ, ಅವರು ತಿರುಗಿಸಿ ನೋಡ್ತಾರೆ. ಮಾಡೆಲ್ ಮೇಲೆ ಮೊದಲೇ ಬಗ್ಗಿಸಿಟ್ಟ ಪ್ಲೇಟ್ ಮಾತ್ರ ಆಟೋಕ್ಲೇವಿಗೆ ಹೋಗುತ್ತೆ. ಮೂಳೆ ಮೇಲೇ ಕೂರಿಸಿ ಡ್ರಿಲ್ ಮಾಡೋ ಗೈಡ್ ಪ್ರಿಂಟ್ ಮಾಡಿದ್ರೆ ಕಥೆ ಬೇರೆ. ಅದು ನೈಲಾನೋ ಅದಕ್ಕಂತಲೇ ಬರೋ ರೆಸಿನ್ನೋ ಆಗಿರ್ಬೇಕು, ಮೈಗೆ ತಾಗೋದಲ್ವಾ.

ಗೌಡ್ರ_ಮಗ
ಷಾಟ್ಸ್ಕರ್ 7 😂 ಅದಕ್ಕೂ ಬಿಲ್ ಹಾಕಿದ್ರಾ?

ಓಟಿ_ಸಿಸ್ಟರ್
ಆ ಹುಡುಗನಿಗೆ ಬೈಗುಳ ಹಾಕಿದ್ರು.

ಪೇಡಾನಗರಿ
ನಾ ಧಾರವಾಡದಾಂವ. ನನಗ ಹಿಂದಕ ಕಾಲ ಮ್ಯಾಲೆ ಟ್ರ್ಯಾಕ್ಟರ್ ಟ್ರೇಲಿ ಹೋಗಿ ಮೂಳಿ ಒಂದಿಷ್ಟು ಹೊರಗ ಬಿದ್ದು ಕಳದ್ಹೋಗಿತ್ತು. ಆವಾಗ ಈ ಪ್ರಿಂಟು ಗಿಂಟು ಏನೂ ಇರ್ಲಿಲ್ರೀ. ಕಾಲ ಸುತ್ತ ಕಬ್ಬಿಣದ ಬಳಿ ಹಾಕಿ, ಒಳಗ ತಂತಿ ಚುಚ್ಚಿ, ನಟ್ಟು ಕೊಟ್ಟು ಕಳಿಸಿದ್ರು. ಇಲಿಜಾರೋವ್ ಅಂತಾರ ಅದಕ್ಕ. ದಿನಕ್ಕ ನಾಕ ಸಲ ಸ್ಪ್ಯಾನರ್ ತಗೊಂಡ ನಟ್ ಕಾಲು ಭಾಗ ಸುತ್ತು ತಿರುಗಿಸೂದು. ಸಲಕ್ಕ ಕಾಲ ಮಿಲಿಮೀಟರ್, ದಿನಕ್ಕ ಒಂದ ಮಿಲಿಮೀಟರ್ ಮೂಳಿ ಸರೀತದ, ಹಿಂದ ಹೊಸಾ ಮೂಳಿ ಬೆಳೀತದ. ನಮ್ಮವ್ವ ಊಟಕ್ಕ ಕರಿಯೂ ಮೊದಲ 'ನಟ್ ತಿರುವಿದಿ ಏನೋ' ಅಂತ ಕೇಳಾಕಿ. ಲುಂಗಿ ಒಂದ ಉಡಾಕ ಬರ್ತಿತ್ತು, ಪ್ಯಾಂಟ್ ನೋಡಿಲ್ಲ ಆ ವರ್ಷ.

ಈಗ ಕೇಳೂದು ಇಷ್ಟ. ಹಂಗ ಕಳದ್ಹೋದ ಮೂಳೀನ ಪ್ರಿಂಟ್ ಮಾಡಿ ಒಳಗ ಕುಂಡ್ರಸಾಕ ಬರೂದುಲ್ಲೇನ್ರೀ? ಬಳಿ ಹಾಕೂದು ತಪ್ಪತಿತ್ತಲ್ಲ.

ರೈನ್_ದಡದಿಂದ
ಬರುತ್ತೆ ಸರ್, ಆದ್ರೆ ಅದು ಹೇಮಾವತಿಯವರ ಭಾವನ ವಿಷಯಕ್ಕಿಂತ ಪೂರ್ತಿ ಬೇರೆ. 2017ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಲ್ಲಿ ಸೋಂಕಿನಿಂದ ಕಾಲಿನ ಮೂಳೆಯ ದೊಡ್ಡ ಭಾಗ ಕಳ್ಕೊಂಡ ರೋಗಿಯೊಬ್ಬರಿಗೆ ಪ್ರಿಂಟ್ ಮಾಡಿದ ಚೌಕಟ್ಟನ್ನ ಇಟ್ಟು, ಅದರ ಸುತ್ತ ಅವರದ್ದೇ ಜೀವಂತ ಅಂಗಾಂಶ ಸುತ್ತಿ ಮೂಳೆ ಬೆಳೆಸೋ ಪ್ರಯತ್ನ ಮಾಡಿದ್ರು. ಆ ಚೌಕಟ್ಟು ನಿಧಾನವಾಗಿ ಕರಗೋ ವಸ್ತುವಿನದ್ದು. ಅದು ಪ್ರಿಂಟ್ ಆಗಿದ್ದು ಆಸ್ಪತ್ರೆಯಲ್ಲಲ್ಲ, ಸಿಂಗಪುರದಲ್ಲಿ. ಟೈಟಾನಿಯಂ ಪುಡಿಯನ್ನ ಲೇಸರಲ್ಲಿ ಕರಗಿಸಿ ಜಾಲರಿ ಥರ ಮಾಡೋ ಪದ್ಧತಿಯೂ ಇದೆ, ಮೂಳೆ ಆ ತೂತುಗಳೊಳಗೆ ಬೆಳೆಯುತ್ತೆ. ಅದೂ ಕಾರ್ಖಾನೆ ಕೆಲಸವೇ.

ನಾನಿರೋದು ಜರ್ಮನಿಯಲ್ಲಿ, ವೈದ್ಯಕೀಯ ಸಾಧನಗಳ ಕಾಗದಪತ್ರ ನೋಡ್ಕೊಳ್ಳೋ ಕೆಲಸ. ಯುರೋಪಿನ 2017/745 ನಿಯಮ 2021ರ ಮೇನಿಂದ ಜಾರಿಗೆ ಬಂತು. ಅದರ 5(5)ನೇ ಕಲಮಿನಲ್ಲಿ ಆಸ್ಪತ್ರೆ ತನ್ನೊಳಗೇ ತಯಾರಿಸಿ ತನ್ನ ರೋಗಿಗೇ ಬಳಸೋಕೆ ಅವಕಾಶ ಇದೆ. ಆದ್ರೆ ಗುಣಮಟ್ಟದ ವ್ಯವಸ್ಥೆ ಇರ್ಬೇಕು, ಅದೇ ಕೆಲಸಕ್ಕೆ ಸರಿಹೋಗೋ ಸಾಮಾನು ಮಾರುಕಟ್ಟೆಯಲ್ಲಿ ಯಾಕೆ ಸಿಗಲ್ಲ ಅಂತ ಬರೆದಿಡ್ಬೇಕು. ಹೊರಗೆ ಮಾರೋ ಹಾಗಿಲ್ಲ. ಮೂಲೆಯಲ್ಲಿ ಒಂದು ಪ್ರಿಂಟರ್ ಇಟ್ಟ ಮಾತ್ರಕ್ಕೆ ಏನೂ ಆಗಲ್ಲ ಅನ್ನೋದನ್ನ ಈ ಕಾಗದಗಳನ್ನ ನೋಡಿದವರಿಗೇ ಗೊತ್ತು. ಅಮೆರಿಕದ ಮೇಯೋ ಕ್ಲಿನಿಕ್‌ನಂಥವರು 2006ರಿಂದ ಮಾಡೆಲ್ ಮಾಡ್ತಾ ಬಂದಿದಾರೆ. ಅಲ್ಲಿ ಇದು ಎಕ್ಸ್‌ರೇ ವಿಭಾಗದ ದಿನನಿತ್ಯದ ಕೆಲಸ ಆಗೋಗಿದೆ.

ಪೇಡಾನಗರಿ
ಕರಗೂ ಮೂಳಿ! ನಮ್ಮವ್ವಗ ಹೇಳಿದ್ರ ನಂಬಂಗಿಲ್ಲ ಬಿಡ್ರಿ.

ಮಲ್ನಾಡ್_ಮಳೆ
ಯಾರೂ ಮಂಗರವಳ್ಳಿ ಬಗ್ಗೆ ಹೇಳ್ಲೇ ಇಲ್ಲ. ಮೂಳೆ ಮುರಿದವರಿಗೆ ಮಂಗರವಳ್ಳಿ ಚಟ್ನಿ ಕೊಡಿ. ಎಳೇದನ್ನ ತಗೊಂಡು ನಾರು ತೆಗೆದು, ತುಪ್ಪದಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು ಜಾಸ್ತಿ ಹಾಕಿ. ಇಲ್ಲಾಂದ್ರೆ ಬಾಯಿ ಗಂಟಲು ಎಲ್ಲ ತುರಿಕೆ.

ಮಂಡ್ಯ_ಗೌಡ್ತಿ
ಕಾಲು ಸೂಪಿನ ಮುಂದೆ ಯಾವ ಚಟ್ನಿ. ರಾಗಿಮುದ್ದೆ, ಕಾಲು ಸೂಪು, ಮೂರು ತಿಂಗಳು.

ಮಲ್ನಾಡ್_ಮಳೆ
ಸಸ್ಯಾಹಾರಿಗಳೂ ಬೀಳ್ತಾರೆ ಗೌಡ್ತಿಯವರೇ.

ಆರ್ಥೋ_ಪಿಜಿ
ಎರಡೂ ತಿನ್ನಿ, ಹಾಲು ಮೊಟ್ಟೆ ಬೇಳೆನೂ ಸೇರಿಸಿ. ಬೀಡಿ ಸಿಗರೇಟು ಮಾತ್ರ ಬಿಡಿಸಿ. ಮೂಳೆ ಕೂಡದೇ ಇರೋದಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಸಕ್ಕರೆ ಕಾಯಿಲೆ ಇದ್ರೆ ಹಿಡಿತದಲ್ಲಿಡಿ.

ವಿಮೆ_ವಿಶ್ವ
ಬಿಲ್ ಬಗ್ಗೆ ಎರಡು ಮಾತು. ಕ್ಯಾಶ್‌ಲೆಸ್ ವಿಮೆ ಇದ್ರೆ ಆಪರೇಷನ್ನಿಗೆ ಮುಂಚೆನೇ, ಪೂರ್ವಾನುಮತಿ ಕಳಿಸುವಾಗಲೇ, ಈ ಮಾಡೆಲ್ ಖರ್ಚನ್ನ ಸರ್ಜನ್ನಿನ ಒಂದು ಚೀಟಿ ಸಮೇತ ಸೇರಿಸೋಕೆ ಹೇಳಿ. 'ಕೀಲಿನ ಮುರಿತ, ಯೋಜನೆಗೆ ಮಾದರಿ ಅಗತ್ಯ' ಅಂತ ಬರೆದಿದ್ರೆ ವಾದ ಮಾಡೋಕೆ ಒಂದು ಆಧಾರ. ಡಿಸ್ಚಾರ್ಜ್ ದಿನ ಪ್ರತ್ಯೇಕ ರಸೀದಿ ತಂದ್ರೆ ಬಹುಮಟ್ಟಿಗೆ ತಿರಸ್ಕಾರವೇ. ಆಯುಷ್ಮಾನ್ ಕಾರ್ಡಲ್ಲಿ ಸೇರಿದ್ರೆ ಪ್ಯಾಕೇಜ್ ದರ ನಿಗದಿ ಆಗಿರುತ್ತೆ, ಅದರ ಮೇಲೆ ಕೈಯಿಂದ ಕೇಳಿದ್ರೆ ಆರೋಗ್ಯಮಿತ್ರರನ್ನ ವಿಚಾರಿಸದೇ ಕೊಡ್ಬೇಡಿ.

ನಮ್ಮಲ್ಲಿ ಮಾತ್ರ ಹೀಗೆ ಅನ್ಕೊಬೇಡಿ. ಅಮೆರಿಕದಲ್ಲೇ ಇಂಥ ಮಾದರಿಗೆ, ಗೈಡಿಗೆ ಬಿಲ್ಲಿಂಗ್ ಕೋಡ್ ಬಂದಿದ್ದು 2019ರ ಜುಲೈನಲ್ಲಿ, ಅದೂ ತಾತ್ಕಾಲಿಕ ವರ್ಗದ ಕೋಡು. ದುಡ್ಡು ಕೊಡೋರು ಎಲ್ಲಾ ಕಡೆ ಮೇಷ್ಟ್ರ ಹಾಗೇ ಪುರಾವೆ ಕೇಳ್ತಾರೆ.

ಲೆಕ್ಕದ_ಮೇಷ್ಟ್ರು
ನನ್ನನ್ನ ವಿಮೆ ಕಂಪನಿಗೆ ಹೋಲಿಸಿದ್ದಕ್ಕೆ ನನ್ನ ತೀವ್ರ ಆಕ್ಷೇಪಣೆ ಇದೆ.

ಹೇಮಾವತಿ_ದಡ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲಿ ಓದಿದ್ದನ್ನ ಬರ್ಕೊಂಡು ಹೋಗಿ ಕೇಳಿದೆ. ಬಿಲ್ಲಿನ ವಿವರ ಕೇಳಿದ್ದಕ್ಕೆ ಮೊದಲು ಕೌಂಟರಲ್ಲಿ ಮುಖ ಗಂಟು ಹಾಕಿದ್ರು. ಆಮೇಲೆ ಸರ್ಜನ್ನೇ ಕರೆದು ತೋರಿಸಿದ್ರು. ಮಾಡೆಲ್ ನೋಡಿದೆ. ಮಾಸಲು ಬಿಳಿ, ಹಗುರ, ಬೆರಳಾಡಿಸಿದ್ರೆ ಗೆರೆಗೆರೆ ತಾಗುತ್ತೆ. ಅಡಿಯಲ್ಲಿ 'ಎಲ್' ಅಂತ ಅಕ್ಷರ, ಭಾವನ ಆಸ್ಪತ್ರೆ ನಂಬರು ಕೆತ್ತಿದೆ. ಎರಡು ಚೂರನ್ನ ಬೇರೆ ಬೇರೆ ಬಣ್ಣದಲ್ಲಿ ಮಾಡಿದ್ರು. ಹಿಂದುಗಡೆ ಒಳಮೂಲೆ ಚೂರು, ಪಿಜಿಯವರು ಹೇಳಿದ್ದು, ಅದು ಇಲ್ಲೂ ಇತ್ತು, ನೀಲಿ ಬಣ್ಣ. ನನ್ನ ಹೆಬ್ಬೆರಳಿನಷ್ಟು ಗಾತ್ರ. ಸರ್ಜನ್ ಒಂದು ಪ್ಲೇಟ್ ತಂದು ಇಟ್ಟು ತೋರಿಸಿದ್ರು. ಮೇಲ್ಗಡೆ ಕೂತ್ಕೊಳ್ತು, ಕೆಳಗಡೆ ಮೂಳೆಗೂ ಪ್ಲೇಟಿಗೂ ಮಧ್ಯೆ ಬೆಳಕು ಕಾಣ್ತಿತ್ತು. 'ಈ ಪ್ಲೇಟುಗಳು ಒಂದು ಸರಾಸರಿ ಆಕಾರಕ್ಕೆ ಬರ್ತವೆ, ನಿಮ್ಮವರ ಮೂಳೆ ಸಣ್ಣದು, ಇಲ್ಲಿ ಸ್ವಲ್ಪ ಬಗ್ಗಿಸ್ಬೇಕು. ಸ್ಕ್ರೂ ತೂತಿನ ಹತ್ರ ಬಗ್ಗಿಸಿದ್ರೆ ಅದರೊಳಗಿನ ಸ್ಕ್ರೂ ಕೂರೋ ಸುತ್ತುಗೆರೆ ಕೆಡುತ್ತೆ, ಅದಕ್ಕೆ ಇವತ್ತೇ ನಿಧಾನವಾಗಿ ಮಾಡ್ತೀವಿ' ಅಂದ್ರು. ಸ್ಕ್ರೂಗಳ ಉದ್ದ ಎಲ್ಲ ಒಂದು ಚೀಟೀಲಿ ಬರೆದಿಟ್ಟಿದ್ರು.

12 ಸಾವಿರ ಕೊಡೋದು ಅಂತ ತೀರ್ಮಾನ ಮಾಡಿದ್ವಿ, ಪೂರ್ವಾನುಮತಿಯಲ್ಲೂ ಸೇರಿಸಿದಾರೆ. ಮೇಷ್ಟ್ರು ಬೈಕೋಬೇಡಿ.

ಲೆಕ್ಕದ_ಮೇಷ್ಟ್ರು
ಬೈಯಲ್ಲಮ್ಮ. ಒಳ್ಳೇದಾಗ್ಲಿ. ಒಂದು ವರ್ಷ ಆದ್ಮೇಲೆ ಮಂಡಿ ಎಷ್ಟು ಮಡಚ್ತಾರೆ ಅಂತ ಇಲ್ಲೇ ಬಂದು ಬರೀಬೇಕು, ಅಷ್ಟೇ.

ಫಿಲಮೆಂಟ್_ಫಣಿ
ಎರಡು ಬಣ್ಣದಲ್ಲಿ ಮಾಡಿದಾರಾ? ಯಾವ ಮೆಷಿನ್ ಅಂತ ಕೇಳಿದ್ರಾ?

ಹೇಮಾವತಿ_ದಡ
ಇಲ್ಲ ಅಣ್ಣ, ಅದೊಂದು ಬಿಟ್ಟು ಎಲ್ಲ ಕೇಳಿದೆ.

ಸೊರಬದ_ಶಾನುಭೋಗ
ಚರ್ಚೆ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ತೋಟದಲ್ಲಿ ಕೊನೆ ತೆಗೆಯೋ ಆಳು ನಿನ್ನೆ ಸಂಜೆ ಅಡಿಕೆ ಮರದಿಂದ ಜಾರಿ ನೇರ ಕಾಲ ಮೇಲೆ ಬಿದ್ದ. ಎರಡೂ ಹಿಮ್ಮಡಿ ಊದಿದೆ. ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಬಲ ಹಿಮ್ಮಡಿ ಮೂಳೆ ಒಡೆದಿದೆ ಅಂದ್ರು, ಪಟ್ಟಿ ಹಾಕಿ ಶಿವಮೊಗ್ಗಕ್ಕೆ ಬರೆದುಕೊಟ್ಟಿದಾರೆ. ಹಿಮ್ಮಡಿಗೂ ಈ ಪ್ರಿಂಟ್ ಮಾಡ್ತಾರಾ? ಖರ್ಚು ನಾನೇ ಕೊಡ್ತೀನಿ, ಅವನು ನಮ್ಮ ಮನೇಲೇ ಬೆಳೆದ ಹುಡುಗ.

ಆರ್ಥೋ_ಪಿಜಿ
ಮಾಡ್ತಾರೆ, ಹಿಮ್ಮಡಿಯೂ ಕೀಲಿನ ಮುರಿತವೇ. ಆದ್ರೆ ಅದಕ್ಕೆ ಅವಸರ ಇಲ್ಲ, ಅಲ್ಲೂ ಊತ ಇಳಿದು ಚರ್ಮ ಸುಕ್ಕು ಬರೋವರೆಗೆ ಕಾಯ್ಬೇಕು. ಒಂದು ವಿಷಯ ಹೇಳಿ. ಅವನಿಗೆ ಸೊಂಟ, ಬೆನ್ನು ನೋವಿದೆಯಾ? ಬೆನ್ನಿನ ಎಕ್ಸ್‌ರೇ ತೆಗೆದಿದಾರಾ?

ಸೊರಬದ_ಶಾನುಭೋಗ
ಸೊಂಟ ಹಿಡ್ಕೊಂಡಿದೆ ಅಂತ ರಾತ್ರಿ ಹೇಳ್ತಿದ್ದ. ಬಿದ್ದ ನೋವು ಅನ್ಕೊಂಡ್ವಿ. ಎಕ್ಸ್‌ರೇ ಕಾಲಿಂದು ಮಾತ್ರ ಆಗಿದೆ.

ಆರ್ಥೋ_ಪಿಜಿ
ಎತ್ತರದಿಂದ ಕಾಲ ಮೇಲೆ ಬಿದ್ದವರಲ್ಲಿ ಹಿಮ್ಮಡಿ ಜೊತೆ ಬೆನ್ನುಮೂಳೆಯೂ ಒಡೆದಿರಬಹುದು. ಅವನನ್ನ ಕೂರಿಸ್ಬೇಡಿ, ಕಾರಿನ ಹಿಂದಿನ ಸೀಟಲ್ಲಿ ಕರ್ಕೊಂಡು ಹೋಗ್ಬೇಡಿ. 108ಕ್ಕೆ ಫೋನ್ ಮಾಡಿ, ಬೆನ್ನು ಬಾಗದ ಹಾಗೆ ಮಲಗಿಸಿಯೇ ಸಾಗಿಸ್ಲಿ. ಕಾಲು ಜೋಮು ಹಿಡೀತಿದೆಯಾ, ಮೂತ್ರ ಹೋಗ್ತಿದೆಯಾ ಕೇಳಿ ಈಗಲೇ ಬರೀರಿ.

ಸೊರಬದ_ಶಾನುಭೋಗ
ಮೂತ್ರ ಹೋಗಿದೆ. ಜೋಮು ಇಲ್ಲವಂತೆ. 108ಕ್ಕೆ ಮಾಡ್ತಿದೀನಿ.

ಆರ್ಥೋ_ಪಿಜಿ
ಸರಿ. ಶಿವಮೊಗ್ಗದಲ್ಲಿ ಇಳಿದ ಕೂಡಲೇ ಮೊದಲು ಬೆನ್ನು ನೋಡಿ ಅಂತ ಹೇಳಿ. ಹಿಮ್ಮಡಿ ಸಿಟಿ ಆಮೇಲೆ ಮಾಡಿಸಿದ್ರಾಯ್ತು. ಪ್ರಿಂಟಿನ ಮಾತು ಮುಂದಿನ ವಾರ.

ಸಿಟಿ_ರೂಮಿನವ
ಆ ಸಿಟಿ ಮಾಡಿಸುವಾಗ ತೆಳು ಪದರದ ಸಿ.ಡಿ. ಕೇಳಿ ತಗೊಳ್ಳಿ.